ನೀಹಾರಿಕೆಯ ಬಾಗಿಲಲ್ಲಿ ರಾಹುಕಾಲ

ಸನತ್‌ನಗರದ ನಮ್ಮ ಓಣಿಯವರಿಗೆ ಅದೇ ಊರಿನ ಗಚ್ಚಿಬೌಲಿಗೆ ಹೋಗಿ ಬರುವುದೇ ದೊಡ್ಡ ಪ್ರಯಾಣ. ಪಕ್ಕದ ಮನೆಯ ಹುಲಗೇಶ ಮಾತ್ರ ಅಂಥ ಸಣ್ಣಪುಟ್ಟ ಜಾಗಕ್ಕೆಲ್ಲ ಹೋಗುವವನಲ್ಲ. ಲೇತ್ ಮಷಿನ್ ಬಂದ್ ಮಾಡಿ, ಎಣ್ಣೆಗೈ ತೊಳೆದು, ಹಳೆಯ ಕಂಪ್ಯೂಟರಿನ ಮುಂದೆ ಕೂತನೆಂದರೆ ಸೀದಾ ಅಂತರಿಕ್ಷಕ್ಕೇ. ಹೆಂಡತಿ ರೇಣುಕಾ ಕೊತ್ತಂಬರಿ ತರಲು ಹೇಳಿದಾಗ ಮಾತ್ರ ಮೂಲೆಯ ಅಂಗಡಿ ಅವನಿಗೆ ಭಾರಿ ದೂರವಾಗುತ್ತದೆ.

ಅವನು ಆಡುವ ಆಟದಲ್ಲಿ, ಯಾರೂ ಕಾಣದ ನಕ್ಷತ್ರವನ್ನು ಮೊದಲು ತಲುಪಿ ಗುಂಡಿ ಒತ್ತಿದವನು ಅದಕ್ಕೆ ಹೆಸರಿಡಬಹುದು. ಲೋಕದಲ್ಲಿ ಆ ಆಟ ಆಡುವವರೆಲ್ಲ ಅದನ್ನು ಅದೇ ಹೆಸರಿನಿಂದ ಕರೆಯಬೇಕು. ಹುಲಗೇಶನಿಗೆ ಇಡಬೇಕಾಗಿದ್ದದ್ದು ಒಂದೇ ಹೆಸರು: ಅನ್ನಮ್ಮ. ಅದು ಅವನ ತಾಯಿಯದು. ಸಿಂಧನೂರಿನ ಕಡೆಯಿಂದ ಬಂದು, ಗಚ್ಚಿಬೌಲಿಯ ಎಷ್ಟೋ ಕಟ್ಟಡಗಳಿಗೆ ಕಲ್ಲುಬುಟ್ಟಿ ಹೊತ್ತು ತೀರಿಕೊಂಡ ಹೆಂಗಸು. ಆ ಕಟ್ಟಡಗಳಿಗೆ ಬಿಲ್ಡರನ ಹೆಸರು, ಅವನ ಹೆಂಡತಿಯ ಹೆಸರು, ಅವನ ನಾಯಿಗೆ ಇಡಬಹುದಾದ ಹೆಸರು, ಎಲ್ಲವೂ ಬಂದವು. ಅನ್ನಮ್ಮನ ಹೆಸರು ನೆನಪಾಗಲಿಲ್ಲ. ಪಾಪ, ಬಿಲ್ಡರನಿಗೆ ನೂರೆಂಟು ಕೆಲಸ.

ಒಂದು ಭಾನುವಾರ ಸಂಜೆ ಹುಲಗೇಶ ನನ್ನನ್ನು ಕೂಗಿ ಕರೆದ. ತಿಂಗಳುಗಟ್ಟಲೆ ಹಾರಿದ ಅವನ ಹಡಗು ದೂರದ ನೀಹಾರಿಕೆಯೊಂದನ್ನು ಹೊಕ್ಕಿತ್ತು. ಪರದೆಯ ತುಂಬ ಗುಲಾಬಿ ಧೂಳು, ನಡುವೆ ಜೋಡಿ ಸೂರ್ಯ. ಹೆಸರಿನ ಜಾಗ ಖಾಲಿ. ನಾನೂ ಉಸಿರು ಬಿಗಿಹಿಡಿದೆ. ಹುಲಗೇಶ ಬೆರಳೆತ್ತಿದ, ಗೋಡೆಯ ಗಡಿಯಾರ ನೋಡಿದ, ಬೆರಳು ಮಡಚಿಕೊಂಡ.

"ರಾಹುಕಾಲ ನಡದೈತ್ರಿ ಅಣ್ಣಾರ. ಆರು ಗಂಟೆ ಆಗಲಿ."

ಹಡಗನ್ನು ನಕ್ಷತ್ರದ ಬಾಗಿಲಲ್ಲಿ ನಿಲ್ಲಿಸಿ ನಾವು ಚಹಾ ಕುಡಿದೆವು. ಎರಡು ಸೂರ್ಯ ಉರಿಯುವ ಊರಿಗೂ ಸನತ್‌ನಗರದ ಕ್ಯಾಲೆಂಡರೇ ನಡೆಯುತ್ತದೆಂದು ನನಗೆ ಅಂದೇ ತಿಳಿದದ್ದು. ಇದು ಅನ್ನಮ್ಮ ಹಾಕಿಕೊಟ್ಟ ಶಿಸ್ತು. ಹೊಸ ಕಟ್ಟಡದ ಮೊದಲ ಬುಟ್ಟಿಯನ್ನು ಅವಳು ರಾಹುಕಾಲದಲ್ಲಿ ಎತ್ತಿದವಳಲ್ಲ. ಮೇಸ್ತ್ರಿ ಎಷ್ಟೇ ಬಾಯಿ ಮಾಡಲಿ, ತಲೆಯ ಸಿಂಬೆ ಬಿಚ್ಚಿ ಮತ್ತೆ ಸುತ್ತುತ್ತ ಕೂತಿರುತ್ತಿದ್ದಳಂತೆ.

ಆರು ಹೊಡೆಯಿತು. ಹುಲಗೇಶ ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ ಗುಂಡಿ ಒತ್ತಿದ. ಪರದೆಯ ಮೇಲೆ ಹೆಸರು ಮೂಡಿತು: ಪಿಜ್ಜಾ-೨. ನಾವು ಚಹಾ ಕುಡಿಯುವಾಗ ರಾಹುವಿನ ಪರಿಚಯವೇ ಇಲ್ಲದ ಯಾವನೋ ಬಂದು ಹೆಸರಿಟ್ಟು ಹೋಗಿದ್ದ. ಪಿಜ್ಜಾ-೧ ಇನ್ನೆಲ್ಲೋ ಬೆಳಗುತ್ತಿರಬೇಕು.

ನನ್ನ ನಾಲಗೆಯ ಮೇಲೆ ಒಳ್ಳೆಯ ಕುಹಕವೊಂದು ಸಿದ್ಧವಾಗಿತ್ತು. ಹುಲಗೇಶನ ಮುಖ ನೋಡಿ ನುಂಗಿಕೊಂಡೆ.

"ಒತ್ತಿಬಿಡಬೇಕಿತ್ತೇನ?" ಎಂದ, ಯಾರನ್ನೂ ನೋಡದೆ.

ರೇಣುಕಾ ಚಹಾದ ಲೋಟ ಎತ್ತಿಕೊಳ್ಳುತ್ತ ಹೇಳಿದಳು: "ಒತ್ತಿದ್ರ ಅತ್ತಿನೇ ಬೈತಿದ್ರು. ರಾಹುಕಾಲದಾಗ ಇಟ್ಟ ಹೆಸರು ನನಗ ಬ್ಯಾಡ ಅಂತಿದ್ರು."

ಹುಲಗೇಶ ಭುಜಕ್ಕೆ ಕಣ್ಣೊರೆಸಿಕೊಂಡು ಹಡಗು ತಿರುಗಿಸಿದ. ರೇಣುಕಾ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತಳು.

"ಇನ್ನೊಂದು ಚುಕ್ಕಿ ಹುಡುಕ್ರಿ. ಎಷ್ಟ ತಿಂಗಳರ ಹಿಡೀಲಿ, ಸೋಮವಾರ ಸಂಜಿಗೆ ಮುಟ್ಟೂ ಹಂಗ ಹೊಂಡ್ರಿ," ಎಂದಳು. "ಸೋಮವಾರ ರಾಹುಕಾಲ ಮುಂಜಾನಿಗೇ ಮುಗದಿರತೈತಿ."