ಸೌಟು ಹಣ್ಣಾದ ದಿನ

ಆ ದಿನ ಬೆಳಿಗ್ಗೆ ಹಸು ಕರೆದು ಡೇರಿಗೆ ಹಾಲು ಹಾಕಿದೆ. ರೇಷ್ಮೆ ಹುಳುಗಳಿಗೆ ಸೊಪ್ಪು ಕೊಟ್ಟೆ. ಹುರುಳಿಕಾಳು ನೆನೆಹಾಕಿದೆ. ಮಗಳ ಚೂಡಿದಾರದ ತೋಳು ಬಿಟ್ಟಿತ್ತು, ನಾಲ್ಕು ಹೊಲಿಗೆ ಹಾಕಿದೆ. ಒಂದು ಡಬ್ಬಿಗೆ ಚಿತ್ರಾನ್ನ ತುಂಬಿದೆ, ಇನ್ನೊಂದರ ಮುಚ್ಚಳಕ್ಕೆ ತೂತು ಮಾಡಿ ಹತ್ತು ಹುಳು ಬಿಟ್ಟೆ. ಎರಡೂ ಡಬ್ಬಿ ಒಂದೇ ಥರ ಇದ್ದುದರಿಂದ ಹುಳುವಿನದಕ್ಕೆ ಕೆಂಪು ದಾರ ಕಟ್ಟಿದೆ.

ಎಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದ ಮಗಳು ಅಂದು ಕೋಲಾರದ ಒಂದು ಕಾಲೇಜಿನಲ್ಲಿ, ಕಂಪ್ಯೂಟರ್ ವಿಜ್ಞಾನದ ಸಮ್ಮೇಳನದಲ್ಲಿ, ತನ್ನ ಸಂಶೋಧನೆ ಮಂಡಿಸಬೇಕಿತ್ತು. ಹುಳು ಹಣ್ಣಾಗಿದೆಯೇ, ಅಂದರೆ ಗೂಡು ಕಟ್ಟಲು ಸಿದ್ಧವಾಗಿದೆಯೇ ಎಂದು ಮೊಬೈಲ್ ಕ್ಯಾಮೆರಾದಿಂದ ನೋಡಿ ಹೇಳುವ ಪ್ರೋಗ್ರಾಂ ಅವಳದು. ಅದಕ್ಕೆ ಕಲಿಸಲು ಹಿಂದಿನ ಎರಡು ಬೆಳೆಯಲ್ಲಿ ಹುಳುಗಳ ಫೋಟೊ ತೆಗೆದೂ ತೆಗೆದೂ ಮೊಬೈಲ್ ತುಂಬಿಸಿದ್ದಳು. ಅಲ್ಲಿ ವೇದಿಕೆಯ ಮೇಲೆ ಹುಳುವನ್ನು ಕೈಯಲ್ಲಿ ಹಿಡಿದು ತೋರಿಸಲು ನಾನು.

ಹೊರಡುವ ಮುಂಚೆ ಮೊಬೈಲ್ ಹಿಡಿದು ಅಡುಗೆಮನೆಗೆ ಬಂದಳು. ನನ್ನ ಕೈಯಲ್ಲಿ ಸೌಟಿತ್ತು. ಪರದೆಯ ಮೇಲೆ ‘ಹಣ್ಣಾಗಿದೆ’ ಎಂದು ಮೂಡಿತು. ಈರುಳ್ಳಿ ಹಿಡಿದೆ, ಅದೂ ಹಣ್ಣಾಗಿತ್ತು. ಪೊರಕೆಯೂ ಹಣ್ಣಾಗಿತ್ತು.

“ಸೌಟನ್ನ ಚಂದ್ರಿಕೆಗೆ ಬಿಟ್ಬಿಡು, ನಾಳೆ ಹೊತ್ಗೆ ಗೂಡು ಕಟ್ಟಿರುತ್ತೆ,” ಅಂದರು ಯಜಮಾನರು. ಹಣ್ಣಾದ ಹುಳು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ.

ಮಗಳು ನಗಲಿಲ್ಲ. “ಫೋಟೊ ತೆಗೆಯೋವಾಗ ಹಣ್ಣಾಗಿರೋದನ್ನೆಲ್ಲ ನೀನು ಆರಿಸಿ ಕೈಯಲ್ಲಿ ಎತ್ತಿ ತೋರ್ಸಿದ್ದೆ. ಹಣ್ಣಾಗದೆ ಇರೋದು ತಟ್ಟೇಲೇ ಇತ್ತು. ಇದು ಹುಳು ನೋಡೇ ಇಲ್ಲ ಕಣಮ್ಮ. ನಿನ್ನ ಬಳೆ ನೋಡ್ಕೊಂಡು ಹೇಳ್ತಿದೆ.”

“ಇವತ್ತಿಗೇನು? ಡಬ್ಬೀಲಿರೋದೆಲ್ಲ ಹಣ್ಣಾಗಿರೋವೇ. ನಾನೇ ಹಿಡ್ಕೋತೀನಿ, ಅದು ಸರಿಯಾಗೇ ಹೇಳುತ್ತೆ. ಯಾರಿಗ್ ಗೊತ್ತಾಗುತ್ತೆ?”

“ಬಳೆ ತೆಗ್ದು ಹಿಡ್ಕೋತೀಯಾ?”

“ಬರಿಗೈಲಿ ಅಷ್ಟು ಜನದ ಮುಂದೆ ನಿಲ್ಲಕ್ಕಾಗುತ್ತೇನೇ? ನಿಮ್ಮಪ್ಪ ಇಲ್ಲೇ ಕೂತವ್ರೆ.”

“ನಾನೇನೂ ಅನ್ಕೊಳಲ್ಲ,” ಅಂದರು ಅವರು.

ನಮ್ಮೂರು ಹುತ್ತೂರಿನಿಂದ ಕೋಲಾರದವರೆಗೂ ಬಸ್ಸಿನಲ್ಲಿ ಅವಳು ಮೊಬೈಲಿನಲ್ಲಿ ಹಳೇ ಫೋಟೊಗಳನ್ನೇ ತಿರುವಿ ತಿರುವಿ ನೋಡಿದಳು. ಹೇಳಿಬಿಟ್ಟರೆ ಒಂದು ವರ್ಷದ ಕೆಲಸ ಎಲ್ಲರ ಮುಂದೆ ನಗೆಪಾಟಲು. ಹೇಳದಿದ್ದರೆ ಚಪ್ಪಾಳೆ. ನಾನು ಮಾತ್ರ ಡಬ್ಬಿಗೆ ಕಿವಿ ಹಚ್ಚಿ, ಹುಳು ಬದುಕಿವೆಯೇ ಎಂದು ನೋಡುತ್ತ ಕೂತಿದ್ದೆ. ಆಮೇಲೆ ನೋಡಿದರೆ ಅದು ಚಿತ್ರಾನ್ನದ ಡಬ್ಬಿ.

ಸಭಾಂಗಣದಲ್ಲಿ ಒಬ್ಬರಾದ ಮೇಲೆ ಒಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು. ಎಲ್ಲರ ಪ್ರೋಗ್ರಾಂ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತೆಂದು ಗೋಡೆಯ ಮೇಲಿನ ಅಂಕಿಗಳಿಂದಲೇ ತಿಳಿಯುತ್ತಿತ್ತು. ಮಗಳ ಸರದಿ ಬಂತು. ಅರ್ಧ ಮುಗಿಸಿ ನನ್ನನ್ನು ವೇದಿಕೆಗೆ ಕರೆದಳು. ನಾನು ಕೆಂಪು ದಾರ ಬಿಚ್ಚತೊಡಗಿದೆ.

“ಹುಳು ಬೇಡಮ್ಮ. ಆ ಡಸ್ಟರ್ ಹಿಡ್ಕೋ.”

ಹಿಡಿದೆ. ಗೋಡೆಯ ಮೇಲೆ ಇಷ್ಟು ದೊಡ್ಡ ಅಕ್ಷರದಲ್ಲಿ ಡಸ್ಟರ್ ಹಣ್ಣಾಯಿತು.

ಸಭೆಯಲ್ಲಿ ನಗು ಎದ್ದಿತು. ನಾನು ಡಸ್ಟರನ್ನು ಸೆರಗಿನಡಿ ಮುಚ್ಚಿಕೊಂಡೆ. ಮುಂದಿನ ಸಾಲಿನಲ್ಲಿದ್ದ ತೀರ್ಪುಗಾರರೊಬ್ಬರು ನನ್ನನ್ನು ನೋಡಿ, ಮಗಳನ್ನು ಕನ್ನಡದಲ್ಲೇ ಕೇಳಿದರು, “ಹಾಗಾದ್ರೆ ನಿಮ್ಮ ಪ್ರೋಗ್ರಾಂ ಕಲ್ತಿರೋದೇನಮ್ಮ?”

“ನಮ್ಮಮ್ಮನ ಬಳೆ ಗುರುತು ಹಿಡಿಯೋದು, ಸರ್. ಇವತ್ತು ಬೆಳಿಗ್ಗೆ ಗೊತ್ತಾಯ್ತು.” ಆಮೇಲೆ ಅದು ಹೇಗಾಯಿತು, ಇನ್ನು ಯಾವ ಯಾವ ಫೋಟೊ ತೆಗೆಯಬೇಕು ಎಂದು ಪೂರ್ತಿ ಹೇಳಿದಳು.

“ಬೆಳಿಗ್ಗೆಯಿಂದ ಎಲ್ಲರದೂ ಸರಿಯಾಗಿದೆ ಅಂತ ಕೇಳಿ ಕೇಳಿ ನಿದ್ದೆ ಬರ್ತಿತ್ತು,” ಅಂದರು ಅವರು. “ಹೊಸ ಫೋಟೊ ತೆಗ್ದು, ಮುಂದಿನ ಸಲ ಇದನ್ನೇ ತಗೊಂಡ್ ಬನ್ನಿ. ಅಮ್ಮನೂ ಬರ್ಲಿ, ಬಳೆ ಹಾಕ್ಕೊಂಡೇ.”

ಬಹುಮಾನ ಬೇರೆಯವರಿಗೆ ಹೋಯಿತು. ಬಸ್ಸಿನಲ್ಲಿ ಮಗಳು ಚಿತ್ರಾನ್ನದ ಡಬ್ಬಿಯನ್ನು ಒಬ್ಬಳೇ ಖಾಲಿ ಮಾಡಿದಳು.

ಸಂಜೆ ಹುಳುಮನೆಯಲ್ಲಿ ಹೊಸ ಫೋಟೊ ತೆಗೆಯುವ ಕೆಲಸ ಶುರುವಾಯಿತು. ಹಣ್ಣಾಗದ ಹುಳು ನನ್ನ ಬಳೆ ಕೈಗೆ, ಹಣ್ಣಾದದ್ದು ಅವರಪ್ಪನ ಬರಿಗೈಗೆ. “ಅಪ್ಪಾ, ನೀನೂ ಎರಡು ಬಳೆ ಹಾಕ್ಕೋ,” ಅಂದಳು. “ಹುಳು ಬೇಕಾದ್ರೆ ಹಿಡಿತೀನಿ,” ಅಂದರು ಅವರು, ಕೈ ಹಿಂದಕ್ಕೆಳೆದು.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಒಂದು ಲೋಟ ಮಜ್ಜಿಗೆ. ಮಗಳು ಎರಡನೇ ಮುದ್ದೆ ಕೇಳಿ, ಅರ್ಧದಲ್ಲೇ ಗೋಡೆಗೊರಗಿ ಎಲ್ಲರಿಗಿಂತ ಮೊದಲು ಮಲಗಿಬಿಟ್ಟಳು. ಅವಳ ಕೈ ತೊಳೆಸಿ, ಕೊನೆಯ ಸೊಪ್ಪು ಹಾಕಿ, ನಾನೂ ಮಲಗಿದೆ.