ಟೆಸ್ಟರ್ ಮಾವನೂ ಅತ್ತೆಯ ಕಿವಿಯೂ

ನನ್ನ ಸೋದರಮಾವ ಮೂವತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುತ್ತಿದ್ದವರು. ನೀರಿನ ಮೀಟರ್ ಓದಿದವನಿಗೆ ಕರೆಂಟಿನ ಮೀಟರ್ ಏನು ಮಹಾ, ಮೀಟರ್ ಗೊತ್ತಾದ ಮೇಲೆ ವೈರಿಂಗ್ ಏನು ಮಹಾ ಎಂದು ಹೆಜ್ಜೆ ಹೆಜ್ಜೆಯಾಗಿ ಅವರು ಎಲೆಕ್ಟ್ರಿಷಿಯನ್ ಆದರು. ಕಲಿಸಿದ ಗುರು ಇಲ್ಲ, ಕಲಿತ ದಿನ ಇಲ್ಲ. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಟೆಸ್ಟರ್ ಇರುತ್ತಿತ್ತು. ಮದುವೆಮನೆಗೂ ಅದನ್ನು ಸಿಕ್ಕಿಸಿಕೊಂಡೇ ಬರುತ್ತಿದ್ದರು. ಹಾಗಾಗಿ ಬೀದಿಗೆಲ್ಲ ಅವರು ಟೆಸ್ಟರ್ ಮಾವ.

ಅವರ ಕೈಚಳಕ ನೋಡಬೇಕಾದರೆ ಆ ಮನೆಗೇ ಹೋಗಬೇಕು. ನಾನು ಮಹಡಿಯ ಮೇಲೆ ಬಾಡಿಗೆಗಿದ್ದದ್ದರಿಂದ ದಿನಾ ನೋಡುವ ಭಾಗ್ಯ ನನ್ನದಾಗಿತ್ತು. ಹಜಾರದ ಫ್ಯಾನಿನ ಸ್ವಿಚ್ ಒತ್ತಿದರೆ ಹೊರಗಿನ ದೀಪ ಹತ್ತುತ್ತಿತ್ತು. ಫ್ಯಾನ್ ಬೇಕಾದರೆ ಮಲಗುವ ಕೋಣೆಗೆ ಹೋಗಿ ಬಾಗಿಲ ಹಿಂದೆ ಕೈ ಹಾಕಬೇಕು. "ಯಾಕೆ ಮಾವ ಹೀಗೆ?" ಎಂದರೆ, "ಮನೆ ಕಟ್ಟಿದವನು ವೈರಿನ ಪೈಪನ್ನೇ ಸೊಟ್ಟ ಇಟ್ಟಿದ್ದಾನೆ ಕಣೋ" ಎನ್ನುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು. ಒಂದೊಂದು ಕೆಲಸ ಮುಗಿದಾಗಲೂ ಸ್ವಿಚ್‌ಬೋರ್ಡಿನ ಮುಚ್ಚಳದ ಒಳಮೈಯಲ್ಲಿ ಬಾಲ್‌ಪೆನ್ನಿನಿಂದ ತಾರೀಖು ಬರೆದು ಸಹಿ ಹಾಕುವುದು ಅವರ ರೂಢಿ. "ನಾಳೆ ಯಾರಾದರೂ ಬಿಚ್ಚಿದರೆ ಯಾರ ಕೆಲಸ ಅಂತ ಗೊತ್ತಾಗಬೇಕು" ಎನ್ನುತ್ತಿದ್ದರು. ಗೊತ್ತಾಯಿತು, ಅದನ್ನೇ ಹೇಳಲು ಹೊರಟಿದ್ದೇನೆ.

ಬಚ್ಚಲಿಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಗೀಸರಿನ ಬೋರ್ಡ್ ಇತ್ತು. ಒಂದು ದಿನ ಅತ್ತೆ, "ರೀ, ಆ ಗೋಡೆ ಒಳಗೆ ಏನೋ ಗುಂಯ್ ಅಂತಿದೆ, ನೋಡಿ" ಎಂದರು.

ಮಾವ ಸಂಭ್ರಮದಿಂದ ಎದ್ದರು. ರಬ್ಬರ್ ಚಪ್ಪಲಿ ಮೆಟ್ಟಿ, ಮರದ ಸ್ಟೂಲ್ ಹತ್ತಿ, "ಸುರಕ್ಷತೆ ಮೊದಲು!" ಎಂದು ಘೋಷಿಸಿ ಮೇನ್ ಸ್ವಿಚ್ ಆಫ್ ಮಾಡಿದರು. ಆಮೇಲೆ ಒಂದು ಸ್ಟೀಲ್ ಲೋಟವನ್ನು ಗೋಡೆಗೆ ಒತ್ತಿ, ಅದಕ್ಕೆ ಕಿವಿ ಹಚ್ಚಿ, ಐದು ನಿಮಿಷ ಕಣ್ಣು ಮುಚ್ಚಿ ನಿಂತರು.

"ಏನೂ ಇಲ್ಲ. ಮಸಣದಷ್ಟು ಮೌನ."

ಅತ್ತೆ ಮತ್ತೆ ಹೇಳಿದರು. ಮಾವ ಮತ್ತೆ ಮೇನ್ ಆಫ್ ಮಾಡಿದರು, ಮತ್ತೆ ಲೋಟ ಹಿಡಿದರು, ಮತ್ತೆ ಮೌನ. ನಾಲ್ಕು ತಿಂಗಳಲ್ಲಿ ಹತ್ತು ಸಲವಾದರೂ ಈ ಪರೀಕ್ಷೆ ನಡೆಯಿತು. ಮೇನ್ ಆಫ್ ಮಾಡುವುದನ್ನು ಅವರು ಒಂದು ಸಲವೂ ಮರೆಯಲಿಲ್ಲ. ಸ್ಟೂಲ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದ ನನಗೂ ಏನೂ ಹೊಳೆಯಲಿಲ್ಲ. ಓದಿದವನು ನಾನು, ಡಿಗ್ರಿ ಬೇರೆ ಇದೆ.

ಕೊನೆಗೆ ಮಾವ ತೀರ್ಪು ಕೊಟ್ಟರು. "ಗೋಡೆಯಲ್ಲಿ ಸದ್ದಿಲ್ಲ. ಹಾಗಾದರೆ ಸದ್ದು ಎಲ್ಲಿದೆ? ನಿನ್ನ ಕಿವಿಯಲ್ಲೇ."

ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ಪರೀಕ್ಷಿಸಿ, "ಇವರಿಗೆ ನನಗಿಂತ ಚೆನ್ನಾಗಿ ಕೇಳುತ್ತೆ" ಎಂದರು. ಮಾವನಿಗೆ ಸಮಾಧಾನವಾಗಲಿಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ದಾರಿಯಲ್ಲಿ ತಾವೇ ಯಾವುದೋ ತೊಟ್ಟು ಔಷಧಿ ಕೊಂಡು ತಂದು, ದಿನಾ ಎರಡು ಹೊತ್ತು ಅತ್ತೆಯ ಕಿವಿಗೆ ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮನೆಯವರೆಲ್ಲ ಅತ್ತೆಯ ಹತ್ತಿರ ಕಿರುಚಿ ಮಾತಾಡತೊಡಗಿದೆವು. ಅವರ ಮಗಳು ಫೋನಿನಲ್ಲಿ ಕಿರುಚಿದಳು, ಹಾಲಿನವನು ಗೇಟಿನಲ್ಲಿ ಕಿರುಚಿದ. ಅತ್ತೆಯ ಮಾತು ಕಡಿಮೆಯಾಯಿತು. ಒಲೆ ಮುಂದೆ ನಿಂತಲ್ಲೇ ಎರಡೂ ಕಿವಿ ಮುಚ್ಚಿಕೊಳ್ಳುವುದು, ಬಿಡುವುದು ಮಾಡುತ್ತಿದ್ದರು.

ಒಂದು ಸಂಜೆ ಮಹಡಿಗೆ ಬಂದು, ಬಟ್ಟೆ ಮಡಚುವ ನೆಪದಲ್ಲಿ ಕೇಳಿದರು. "ನಿಜ ಹೇಳೋ, ನಂಗೆ ತಲೆ ಕೆಡ್ತಾ ಇದ್ಯಾ?"

"ಹಾಗೇನಿಲ್ಲ ಅತ್ತೆ. ವಯಸ್ಸಾಯ್ತಲ್ಲ" ಎಂದೆ. ಅದೂ ಜೋರಾಗಿ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಮಡಚಿದ ಬಟ್ಟೆ ಅಲ್ಲೇ ಇಟ್ಟು ಇಳಿದುಹೋದರು.

ಮರುದಿನ ಬೆಳಿಗ್ಗೆ ಮಾವ ಸ್ನಾನಕ್ಕೆ ಹೋಗಿದ್ದಾಗ ಗೋಡೆ ಗುಂಯ್ ಎಂದಿತು. ಅತ್ತೆ ಹೋಗಿ ಗೀಸರಿನ ಸ್ವಿಚ್ ಆಫ್ ಮಾಡಿದರು. ಸದ್ದು ನಿಂತಿತು. ಹಾಕಿದರು, ಬಂತು. ಆರಿಸಿದರು, ನಿಂತಿತು. ಬೋರ್ಡಿನ ಮೇಲೆ ಅಂಗೈ ಇಟ್ಟರೆ ಬಿಸಿ. ಒಳಗಿನಿಂದ ಮಾವ, "ಯಾರೇ ಅದು ಸ್ವಿಚ್ ಜೊತೆ ಆಟ ಆಡೋದು! ನೀರು ತಣ್ಣಗಾಯ್ತು!" ಎಂದು ಕೂಗುತ್ತಿದ್ದರು. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬೀದಿ ಮೂಲೆಯ ಎಲೆಕ್ಟ್ರಿಕಲ್ ಅಂಗಡಿಗೆ ನಡೆದರು. ಮಾವ ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಹಜಾರದಲ್ಲಿ ನಿಂತಿದ್ದ. ಗದ್ದಲ ಕೇಳಿ ನಾನೂ ಇಳಿದು ಬಂದೆ.

ಮಾವ ಅವಸರದಿಂದ ಮೇನಿನತ್ತ ಕೈ ಚಾಚಿದರು. "ತಡಿಯಪ್ಪ, ಸುರಕ್ಷತೆ ಮೊದಲು. ಮೇನ್ ಆಫ್ ಮಾಡ್ತೀನಿ, ಆಮೇಲೆ ಸದ್ದು ಕೇಳು."

ಎಲೆಕ್ಟ್ರಿಷಿಯನ್ ಅವರ ಮುಖವನ್ನೇ ನೋಡಿದ. "ಬಿಚ್ಚೋವಾಗ ಆಫ್ ಮಾಡೋಣ ಸಾರ್. ಈಗಲೇ ಆಫ್ ಮಾಡಿದ್ರೆ ಏನ್ ಕೇಳ್ಸುತ್ತೆ?"

ಮಾವನ ಕೈ ಅರ್ಧದಲ್ಲೇ ನಿಂತಿತು. ನಾನು ಸ್ಟೂಲನ್ನು ನೋಡುತ್ತಾ ನಿಂತೆ.

ಅವನು ಗೀಸರಿನ ಸ್ವಿಚ್ ಹಾಕಿಸಿದ. ಗೋಡೆ ಗುಂಯ್ಗುಟ್ಟಿತು. ಲೋಟ ಬೇಕಾಗಲಿಲ್ಲ, ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು. ಆಮೇಲೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು ಬೋರ್ಡ್ ಬಿಚ್ಚಿದ. ಗೀಸರಿಗೆ ಹೋಗುವ ತಂತಿಗೆ ಯಾರೋ ಸಣ್ಣ ತಂತಿಯೊಂದನ್ನು ಬರಿಗೈಯಲ್ಲಿ ಹೊಸೆದು, ಮೇಲೆ ಟೇಪ್ ಸುತ್ತಿದ್ದರು. ಹೊಸೆದದ್ದು ಸಡಿಲವಾಗಿ, ಟೇಪ್ ಕರಗಿ, ಹಿಂದಿನ ಮರದ ಹಲಗೆ ಇದ್ದಿಲಾಗಿತ್ತು.

"ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಬೆಂಕಿ ಹತ್ತಿಕೊಳ್ತಿತ್ತು" ಎಂದ ಅವನು. "ಯಾವ ಪುಣ್ಯಾತ್ಮ ಮಾಡಿದ್ದು ಇದು?" ಮುಚ್ಚಳ ತಿರುಗಿಸಿ, ಅಲ್ಲಿದ್ದ ತಾರೀಖನ್ನೂ ಸಹಿಯನ್ನೂ ಗಟ್ಟಿಯಾಗಿ ಓದಿದ. ಮಾವ ಜೇಬಿನ ಟೆಸ್ಟರನ್ನು ಬನಿಯನ್ನಿನ ಮೇಲೆ ಹುಡುಕಿದರು. ಅಂಗಿಯನ್ನೇ ಹಾಕಿರಲಿಲ್ಲ.

"ಎಷ್ಟು ದಿನದಿಂದ ಬರ್ತಿತ್ತು ಈ ಸದ್ದು?" ಎಂದು ಅವನು ಕೇಳಿದ.

"ನಂಗೆ ನಾಲ್ಕು ತಿಂಗಳಿಂದ" ಎಂದರು ಅತ್ತೆ. "ಇವರಿಗೆಲ್ಲ ಇವತ್ತಿಂದ."

ಅವನು ಹೊಸ ತಂತಿ ಎಳೆದು ಕೆಲಸ ಮುಗಿಸಿ ಹೊರಟ. ಕೊನೆಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು, ಗೋಡೆ ನೋಡುತ್ತಾ, "ತಪ್ಪಾಯ್ತು ಕಣೇ" ಎಂದು ಗೊಣಗಿದರು.

ಅತ್ತೆ ಔಷಧಿಯ ಸೀಸೆಯನ್ನು ಕಸದ ಡಬ್ಬಕ್ಕೆ ಹಾಕುತ್ತಿದ್ದರು. ತಿರುಗಿ ನೋಡಿ, ಕಿವಿಯ ಹಿಂದೆ ಅಂಗೈ ಹಿಡಿದು ಕೇಳಿದರು.

"ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ."