ಟೊಲೆಡೊ ತೋರಿಸಿ ಉಣಿಸಿದ ಲವೀನಾ

ನೈರೋಬಿಯ ಕಿಲಿಮಾನಿ ಬಡಾವಣೆಯ ಅಪಾರ್ಟ್‌ಮೆಂಟಿನ ಅಡುಗೆಮನೆಗೆ ಇನ್ನೂ ಬೆಳಕು ಬಂದಿಲ್ಲ. ಕೆಳಗೆ ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನೊಂದು ಹಾರ್ನ್ ಹೊಡೆದು ಜನರನ್ನು ಕರೆಯುತ್ತಿದೆ. ಲವೀನಾ ಕುಟ್ಟಾಣಿಯ ಕೆಳಗೆ ಟವೆಲ್ ಮಡಿಸಿಟ್ಟು, ಸದ್ದಾಗದಂತೆ ಸಾರಿಗೆ ಮೆಣಸು ಜೀರಿಗೆ ಕುಟ್ಟುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಮಲಗಿರುವ ಮೈಥಿಲಮ್ಮನವರಿಗೆ ಎಂಬತ್ತು ದಾಟಿದೆ, ಮರೆವಿನ ಕಾಯಿಲೆ. ನಿನ್ನೆ ಮಧ್ಯಾಹ್ನದಿಂದ ಒಂದು ಲೋಟ ಮಜ್ಜಿಗೆ ಬಿಟ್ಟರೆ ಏನನ್ನೂ ಮುಟ್ಟಿಲ್ಲ. ಮಗ ಉಮಾಶಂಕರ ಮತ್ತು ಸೊಸೆ ಹರ್ಷಿತಾ ಸ್ಪೇನಿನ ಟೊಲೆಡೊ ಎಂಬ ಹಳೆಯ ಊರು ನೋಡಲು ಹೋಗಿದ್ದಾರೆ. ನಾಲ್ಕೇ ದಿನದ ಪ್ರವಾಸ. ಇವತ್ತೂ ಅಮ್ಮ ಉಣ್ಣದಿದ್ದರೆ ಅವರು ಅರ್ಧದಲ್ಲೇ ವಾಪಸು.

ಲವೀನಾ ಮಾಡುವ ಕೆಲಸಕ್ಕೆ ನೈರೋಬಿಯ ಕನ್ನಡಿಗರು ಇನ್ನೂ ಹೆಸರಿಟ್ಟಿಲ್ಲ. ಯಾರಾದರೂ ನಾಲ್ಕು ದಿನ ಊರು ಬಿಡಬೇಕಾದರೆ ಇವರು ಬಂದು ಆ ಮನೆಯ ಹಿರಿಯರ ಜೊತೆ ಇರುತ್ತಾರೆ, ಅಷ್ಟೆ. ಬಂಟ್ವಾಳದ ಕಡೆಯವರು. ಗಂಡ ಆಲ್ಫ್ರೆಡ್ ಸಾಬೂನು ಕಾರ್ಖಾನೆಗೆ ಫಿಟ್ಟರ್ ಆಗಿ ಬಂದಾಗ ಜೊತೆಗೆ ಬಂದರು. ಹಾಸಿಗೆ ಹಿಡಿದ ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡದ್ದೇ ಇವರ ತರಬೇತಿ. ಆಲ್ಫ್ರೆಡ್ ತೀರಿಕೊಂಡ ಮೇಲೆ ಅದೇ ಹೊಟ್ಟೆಪಾಡಾಯಿತು. ಊರಿಗೆಲ್ಲ ರಜೆ ಬಂದಾಗ ಇವರಿಗೆ ದುಡಿಮೆ. ತಮ್ಮ ಮನೆಯಲ್ಲಿ ಕ್ರಿಸ್ಮಸ್ ತಿಂಡಿ ಕರಿದು ಎಷ್ಟೋ ವರ್ಷವಾಯಿತು.

“ಬೇರೆಯವರ ಮನೆಯಲ್ಲಿ ನನಗೆ ಸರಿ ನಿದ್ದೆ ಬರುದಿಲ್ಲ. ಅದು ಒಳ್ಳೇದೇ ಮಾರಾಯ್ರೆ, ಅವರು ರಾತ್ರಿ ಎದ್ರೆ ಗೊತ್ತಾಗ್ತದೆ” ಎನ್ನುತ್ತಾರೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಮರೆವಿನ ಅತ್ತೆಯನ್ನು ಬಿಟ್ಟು ಪ್ರವಾಸ ಹೊರಟು ನೋಡು ಎಂಬುದನ್ನು ಸೇರಿಸಲು ಮರೆತರು. ಶಾಲೆಯಲ್ಲಿ ಪಾಠ ಹೇಳುವ ಹರ್ಷಿತಾ, ಅತ್ತೆಗೆ ಕಾಯಿಲೆ ಶುರುವಾದಾಗಿನಿಂದ ಒಂದು ರಾತ್ರಿಯೂ ಮನೆ ಬಿಟ್ಟಿರಲಿಲ್ಲ. ಅವರು ಅನ್ನ ಸಾರು ಕಲಸಿ ಕೈತುತ್ತು ಕೊಟ್ಟರಷ್ಟೇ ಮೈಥಿಲಮ್ಮ ಬಾಯಿ ತೆರೆಯುವುದು. ಹಾಗಾಗಿ ಲವೀನಾ ಒಂದು ವಾರ ಮೊದಲೇ ಬಂದು ಹರ್ಷಿತಾ ಪಕ್ಕದಲ್ಲಿ ಕೂತು ಕಲಿತರು. ಅನ್ನ ಎಷ್ಟು ಮೆತ್ತಗಿರಬೇಕು, ತುಪ್ಪ ಎಷ್ಟು, ತುತ್ತು ತೋರಿಸಿ ಎಷ್ಟು ಹೊತ್ತು ಕಾಯಬೇಕು ಎಲ್ಲವನ್ನೂ. ಹೊರಡುವ ದಿನ ಹರ್ಷಿತಾ ಉಟ್ಟು ಬಿಟ್ಟ ಹಳೆಯ ಹತ್ತಿ ಸೀರೆಯನ್ನೇ ಕೇಳಿ ಉಟ್ಟುಕೊಂಡರು. “ಮುಖ ಮರೀತದೆ, ಸೀರೆಯ ವಾಸನೆ ಮರೆಯುದಿಲ್ಲ” ಎಂಬುದು ಅವರ ಅನುಭವ.

ಉಪಾಯ ಫಲಿಸಿತ್ತು, ಮೈಥಿಲಮ್ಮ ಇವರ ಕೈತುತ್ತಿಗೂ ಬಾಯಿ ತೆರೆದಿದ್ದರು. ಕೆಡಿಸಿದ್ದು ಪ್ರೀತಿಯೇ. ಮನಸ್ಸು ತಡೆಯದೆ ಹರ್ಷಿತಾ ನಿನ್ನೆ ಸರಿಯಾಗಿ ಊಟದ ಹೊತ್ತಿಗೆ ವಿಡಿಯೊ ಕಾಲ್ ಮಾಡಿದರು. ಫೋನಿನಲ್ಲಿ ಸೊಸೆಯ ಮುಖ ಕಂಡದ್ದೇ ಮೈಥಿಲಮ್ಮ ತಟ್ಟೆ ದೂಡಿದರು. ಅವಳು ಬಂದ ಮೇಲೆ ಉಣ್ಣುತ್ತೇನೆ ಎಂದು ಬಾಗಿಲಿಗೆ ಕಣ್ಣಿಟ್ಟು ಕೂತವರು ರಾತ್ರಿಯೂ ಬಾಯಿ ತೆರೆಯಲಿಲ್ಲ.

ಈಗ ಮತ್ತೆ ಫೋನು. ನಿದ್ದೆಗೆಟ್ಟ ಹರ್ಷಿತಾ ಅಳುತ್ತಿದ್ದಾರೆ. ಉಮಾಶಂಕರ ಟಿಕೆಟ್ ನೋಡುತ್ತಿದ್ದಾರಂತೆ. ಉಂಡಿದ್ದಾರೆ ಎಂದು ಒಂದು ಸುಳ್ಳು ಹೇಳಿಬಿಡಬಹುದಿತ್ತು. ಲವೀನಾ ಹೇಳುವುದಿಲ್ಲ.

“ಉಣ್ಣಲಿಲ್ಲ ಮೇಡಂ. ಆದ್ರೆ ಮಧ್ಯಾಹ್ನದವರೆಗೆ ನನಗೆ ಬಿಡಿ. ನಿಮ್ಮ ಮುಖ ತೋರಿಸ್ಬೇಡಿ, ಆ ಊರಿನ ಫೋಟೊ ಕಳ್ಸಿ.”

ಫೋಟೊಗಳು ಬರುತ್ತವೆ. ಊರನ್ನು ಮೂರು ಕಡೆ ಬಳಸಿ ಹರಿಯುವ ಹೊಳೆ, ಕಲ್ಲಿನ ಸೇತುವೆ, ಕೋಟೆಬಾಗಿಲು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಗಲ್ಲಿಗಳು. ಮಧ್ಯಾಹ್ನ ಲವೀನಾ ಅನ್ನ ಕಲಸಿಟ್ಟು, ಎಡಗೈಯಲ್ಲಿ ಫೋನು ಹಿಡಿದು ಮೈಥಿಲಮ್ಮನ ಪಕ್ಕ ಕೂರುತ್ತಾರೆ. ಅಜ್ಜಿ ಬಹಳ ಹೊತ್ತು ನೋಡುತ್ತಾರೆ. ಬಾಡಿದ ಮುಖ ನಿಧಾನಕ್ಕೆ ಅರಳುತ್ತದೆ.

“ಇದು ನಮ್ಮ ಶ್ರೀರಂಗಪಟ್ಣ ಕಣೇ. ಈ ಸೇತುವೆ ಮೇಲಿಂದ ನಮ್ಮಣ್ಣ ನಾರಾಯಣ ಹೊಳೆಗೆ ಹಾರ್ತಿದ್ದ.”

“ಹೌದಾ ಅಮ್ಮ? ನಾನು ಆ ಊರು ನೋಡ್ಲಿಲ್ಲ. ಇಲ್ಲಿಂದ ಎಲ್ಲಿಗೆ ಹೋಗುದು?”

ಮೈಥಿಲಮ್ಮ ದಾರಿ ತೋರಿಸುತ್ತಾರೆ. ಈ ಗಲ್ಲಿ ದಾಟಿದರೆ ಬಳೆ ಅಂಗಡಿ, ಆ ಬಾಗಿಲು ಗೆಳತಿಯ ಮನೆ. ಹೇಳಲು ತೆರೆದ ಬಾಯಿಗೆ ಲವೀನಾ ಒಂದೊಂದೇ ತುತ್ತು ಇಡುತ್ತಾರೆ. ಊರು ಸುತ್ತಿ ಮುಗಿಯುವಷ್ಟರಲ್ಲಿ ತಟ್ಟೆ ಖಾಲಿ. “ನಾನು ಸುಳ್ಳು ಹೇಳ್ಲಿಲ್ಲ, ಅಲ್ಲ ಅಂತ ಹೇಳ್ಲಿಲ್ಲ ಅಷ್ಟೆ” ಎಂದು ಆಮೇಲೆ ನಗುತ್ತಾರೆ. ಖಾಲಿ ತಟ್ಟೆಯ ಫೋಟೊ ಟೊಲೆಡೊಗೆ ಹೋಗುತ್ತದೆ.

ಉಳಿದ ಎರಡು ದಿನ ಆ ದಂಪತಿ ಊರು ನೋಡಿದ್ದು ಅಮ್ಮನ ಊಟಕ್ಕಾಗಿ. ಬಾವಿ, ಬಾಗಿಲು, ಮೆಟ್ಟಿಲು ಒಂದನ್ನೂ ಬಿಡದೆ ಫೋಟೊ ತೆಗೆದರು. ಕೈ ಕೈ ಹಿಡಿದು ನಡೆದೆವು, ಎಷ್ಟೋ ವರ್ಷದ ಮೇಲೆ, ಎಂದು ಹರ್ಷಿತಾ ನಾಚಿಕೊಂಡು ಹೇಳುತ್ತಾರೆ.

ಭಾನುವಾರ ಸಂಜೆ ಅವರು ಪೆಟ್ಟಿಗೆ ಎಳೆದುಕೊಂಡು ಒಳಗೆ ಬರುತ್ತಾರೆ. ಹರ್ಷಿತಾ ಬಾಗಿಲ ಬಳಿಯೇ ನಿಲ್ಲುತ್ತಾರೆ. ಅತ್ತೆ ಮುನಿಸಿಕೊಂಡರೆ, ಅತ್ತುಬಿಟ್ಟರೆ? ಮೈಥಿಲಮ್ಮ ತಲೆಯೆತ್ತಿ ನೋಡಿ, ಬಾಗಿಲು ಹಾಕು, ಗಾಳಿ ಬರುತ್ತೆ ಎನ್ನುತ್ತಾರೆ. ಸೊಸೆ ಹೋಗಿದ್ದೇ ಅವರಿಗೆ ಗೊತ್ತಿಲ್ಲ. ಆಮೇಲೆ ಕಣ್ಣು ಲವೀನಾ ಕಡೆ ತಿರುಗುತ್ತದೆ. ಅವರು ಆಗಲೇ ಹರ್ಷಿತಾ ಸೀರೆ ಬದಲಿಸಿ ತಮ್ಮ ಚೂಡಿದಾರ ತೊಟ್ಟು, ಚೀಲ ಹಿಡಿದು ಹೊರಡಲು ನಿಂತಿದ್ದಾರೆ.

“ಇವರು ಯಾರೇ? ಉಂಡಿದ್ದಾರೋ ಇಲ್ವೋ ಕೇಳು. ಊಟ ಹಾಕದೆ ಕಳಿಸ್ಬೇಡ.”

ಹರ್ಷಿತಾ ಬಾಯಿಗೆ ಸೆರಗು ಒತ್ತಿಕೊಂಡೇ ತಟ್ಟೆ ಹಾಕುತ್ತಾರೆ. ಲವೀನಾ ಮಾತ್ರ ಚೀಲ ಕೆಳಗಿಟ್ಟು ತಟ್ಟೆಯ ಮುಂದೆ ಕೂರುತ್ತಾರೆ. ಬೇಸರವಾಗಲಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

“ನನ್ನ ಹೆಸರು ಅವರಿಗೆ ನೆನಪು ಬೇಡ. ಇನ್ನೊಮ್ಮೆ ಬಂದಾಗ ನನ್ನ ಕೈಗೆ ಬಾಯಿ ತೆರೆದ್ರೆ ಸಾಕು.”